ನೋಯದ ಹಲ್ಲು

ಆ ಬೆಳಿಗ್ಗೆ ಆದ್ರಪ್ಪನ ಬಾಯಲ್ಲಿ ಒಂದೇ ಒಂದು ಹಲ್ಲೂ ನೋಯುತ್ತಿರಲಿಲ್ಲ. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದಲೇ. ಯಾವುದಾದರೂ ಒಂದು ಹಲ್ಲು ನಿಜವಾಗಿ ನೋಯುತ್ತಿದ್ದರೆ ಅವನ ದಿನ ಇಷ್ಟು ಕೆಡುತ್ತಿರಲಿಲ್ಲ.

ಆದ್ರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ನೀರೆತ್ತುವ ಪಂಪು ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಹನ್ನೆರಡು ವರ್ಷದಿಂದ ಅವನದೊಂದು ಕುರ್ಚಿ. ಪಂಪು ಕೆಟ್ಟವರು ಫೋನ್ ಮಾಡಿ ಬೈಯುತ್ತಾರೆ, ಇವನು ಬೈಸಿಕೊಂಡು ಮೆಕ್ಯಾನಿಕ್ಕನ್ನು ಕಳಿಸಬೇಕು. ಬೈಸಿಕೊಂಡು ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ಮೇಲಿನ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಿದ್ದ. ಆದರೆ ಪುಣ್ಯಾತ್ಮನ ನಾಲಿಗೆ ಅವನ ಮಾತು ಕೇಳಬೇಕಲ್ಲ. "ನಾಳೆ ಮೆಕ್ಯಾನಿಕ್ ಬರ್ತಾನೆ ಸ್ವಾಮಿ, ಆದ್ರೆ ಬಂದೂ ಪ್ರಯೋಜನ ಇಲ್ಲ, ಆ ಪಾರ್ಟು ನಮ್ಮ ಹತ್ರ ಇಲ್ವೇ ಇಲ್ಲ" ಅಂದುಬಿಡುತ್ತಿದ್ದ. ಮ್ಯಾನೇಜರು ಮೀಟಿಂಗಿನಲ್ಲಿ ಎಲ್ಲರ ಎದುರು "ಈ ಸಲದ ಮಾಡೆಲ್ಲು ತುಂಬ ಚೆನ್ನಾಗಿ ಬಂದಿದೆ" ಅಂದರೆ, "ಚೆನ್ನಾಗೇ ಇದೆ ಸರ್, ಆದ್ರೆ ನೀರು ಎತ್ತಲ್ಲ" ಅನ್ನುತ್ತಿದ್ದ. ಇವನಿಗಿಂತ ಹಿಂದೆ ಸೇರಿದವರಿರಲಿ, ಮೊನ್ನೆ ಮೊನ್ನೆ ಸೇರಿದವರೂ ಮೇಲೆ ಹತ್ತಿದರು. ಆದ್ರಪ್ಪ ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ ಉಳಿದ.

ಉಳಿದದ್ದಕ್ಕೂ ಈಗ ಸಂಚಕಾರ ಬಂದಿತ್ತು. ಮ್ಯಾನೇಜರು ಯಾರಿಗೋ ಫೋನಿನಲ್ಲಿ "ತಿಂಗಳೊಳಗೆ ಒಬ್ಬನ್ನ ಮನೆಗೆ ಕಳಿಸ್ತೀನಿ" ಅಂದದ್ದನ್ನು ಜವಾನ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ. ಯಾರನ್ನು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಒಂದೇ ಸಲಕ್ಕೆ ತಿರುಗಿ ಆದ್ರಪ್ಪನ ಮುಖ ನೋಡಿದರು.

ವಯಸ್ಸು ಐವತ್ತರ ಹೊಸ್ತಿಲಲ್ಲಿ. ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಒಂದು ವರ್ಷ. ಕೆಲಸದಲ್ಲಿರುವಾಗಲೇ ಇನ್ನೊಂದು ಕೆಲಸ ಹುಡುಕಿಕೊಂಡರೆ ಉಂಟು, ತೆಗೆದುಹಾಕಿಸಿಕೊಂಡವನನ್ನು ಯಾರೂ ಮೂಸಿಯೂ ನೋಡುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಎರಡು ತಿಂಗಳಿಂದ ಕದ್ದುಮುಚ್ಚಿ ಸಂದರ್ಶನಗಳಿಗೆ ಅಲೆದಿದ್ದ. ಒಂದು ಕಡೆ ವಯಸ್ಸು ಜಾಸ್ತಿ ಅಂದರು, ಇನ್ನೊಂದು ಕಡೆ ಅನುಭವ ಜಾಸ್ತಿ ಅಂದರು. "ಐದು ವರ್ಷ ಆದಮೇಲೆ ನೀವು ಎಲ್ಲಿರ್ತೀರಿ?" ಅಂತ ಕೇಳಿದ ಹುಡುಗಿಗೆ "ಇಲ್ಲೇ ಇರ್ತೀನಿ ಮೇಡಂ, ಆದ್ರೆ ನಿಮ್ಮ ಕಂಪನಿ ಇರುತ್ತೋ ಇಲ್ವೋ" ಅಂದು ಕೈಗೆ ಬಂದಿದ್ದನ್ನೂ ಕಳೆದುಕೊಂಡ. ಹಣೆಬರಹ ಅಂತ ಹಣೆಯನ್ನು ಬೈದು ಏನು ಪ್ರಯೋಜನ, ತಪ್ಪೆಲ್ಲ ಅದರ ಕೆಳಗಿದ್ದ ಬಾಯಿಯದು.

ಕೊನೆಗೆ ಉಳಿದಿದ್ದದ್ದು ಒಂದೇ ಆಸೆ. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಕೆಲಸ ಕೊಡಿಸುವ ಏಜೆನ್ಸಿಯೊಂದಿತ್ತು. ಹೆಸರಾಂತ ಕಂಪನಿಯೊಂದಕ್ಕೆ ಜನರೊಡನೆ ವ್ಯವಹರಿಸಬಲ್ಲ ಅನುಭವಸ್ಥರು ಬೇಕು ಅಂತ ಅವರು ಜಾಹೀರಾತು ಕೊಟ್ಟಿದ್ದರು. ಅವರದೊಂದು ಕ್ರಮ. ಆಯ್ಕೆಯಾಗಿ ಒಪ್ಪಿಗೆಗೆ ಸಹಿ ಹಾಕುವವರೆಗೂ ಯಾವ ಕಂಪನಿ ಅಂತ ಅಭ್ಯರ್ಥಿಗೆ ಹೇಳುವುದಿಲ್ಲ. ಅಭ್ಯರ್ಥಿ ಸದ್ಯ ಎಲ್ಲಿದ್ದಾನೆ ಅಂತ ಅವರೂ ಕೇಳುವುದಿಲ್ಲ. ಎರಡೂ ಕಡೆಯ ಗುಟ್ಟು ಉಳಿಯಬೇಕಲ್ಲ. ಆದ್ರಪ್ಪನಿಗೆ ಇದು ಬಹಳ ಹಿಡಿಸಿತು. 'ಸದ್ಯ ಹೆಸರಾಂತ ಕಂಪನಿಯೊಂದರಲ್ಲಿ ಉದ್ಯೋಗ' ಅಂತ ಬರೆದು ಅರ್ಜಿ ಹಾಕಿದ. ಇವತ್ತು ಮಧ್ಯಾಹ್ನ ಬರಲು ಹೇಳಿದ್ದರು.

"ರಜ ಕೇಳೋಕೆ ಜ್ವರ ಅಂತ ಹೇಳ್ಬೇಡಿ, ಮುಟ್ಟಿ ನೋಡ್ತಾರೆ" ಅಂದಳು ಹೆಂಡತಿ, ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತ. "ಹಲ್ಲುನೋವು ಅನ್ನಿ. ಇನ್ನೊಬ್ರ ಹಲ್ಲುನೋವು ಯಾರಿಗ್ರೀ ಗೊತ್ತಾಗುತ್ತೆ."

"ಅದೇನೋ ಸರಿ, ಆದ್ರೆ..."

"ಈ ಆದ್ರೆ ಒಂದನ್ನ ಇವತ್ತು ಮನೇಲಿ ಬಿಟ್ಟು ಹೋಗಿ ನಿಮ್ಮ ದಮ್ಮಯ್ಯ. ಈ ಸಲ ಕೈತಪ್ಪಿದ್ರೆ ಮಗಳ ಓದು ನಿಂತುಹೋಗುತ್ತೆ." ಆದ್ರಪ್ಪ ಅಂಗಿ ತೊಟ್ಟುಕೊಂಡ.

ಕಚೇರಿಯಲ್ಲಿ ಕೆನ್ನೆಗೆ ಕೈ ಕೊಟ್ಟು ಕೂತ. ಕೆಳಗಿಟ್ಟರೆ ನೋವು ಹೋಯಿತೇನೋ ಅಂದುಕೊಂಡಾರು ಅಂತ ಕೈ ತೆಗೆಯಲೇ ಇಲ್ಲ. ಟೈಪಿಸ್ಟ್ ಅಕ್ಕ ಮೊದಲು ಕಂಡುಹಿಡಿದಳು. "ಏನಪ್ಪಾ, ಹಲ್ಲಾ? ನಮ್ಮ ಮಾವನಿಗೂ ಹೀಗೇ ಶುರುವಾಗಿದ್ದು. ಆಮೇಲೆ ಕಿವಿಗೆ ಹೋಯ್ತು, ಕಿವಿಯಿಂದ ತಲೆಗೆ ಹೋಯ್ತು." ಆಮೇಲೆ ಮಾವನವರು ಎಲ್ಲಿಗೆ ಹೋದರು ಅಂತ ಆದ್ರಪ್ಪ ಕೇಳಲಿಲ್ಲ. ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು.

ಪಕ್ಕದ ಟೇಬಲ್ಲಿನವನು ಪರೋಪಕಾರಿ. ಅವನು ಉಪಕಾರ ಮಾಡಿದ ಮೇಲೆ ಚೇತರಿಸಿಕೊಂಡವರು ಕಡಿಮೆ. "ನೋವು ಇಟ್ಕೊಂಡು ಯಾಕಯ್ಯಾ ಒದ್ದಾಡ್ತೀಯಾ? ನನ್ನ ಷಡ್ಡಕ ಹಲ್ಲಿನ ಡಾಕ್ಟ್ರು, ಇಲ್ಲೇ ಎದುರು ಬೀದೀಲಿ. ನಡಿ, ನಾನೇ ಕರ್ಕೊಂಡು ಹೋಗ್ತೀನಿ."

"ಬೇಡಪ್ಪಾ, ನಾನೇ ಹೋಗ್ಬರ್ತೀನಿ. ಅರ್ಧ ದಿನ ರಜ ಸಿಕ್ಕಿದ್ರೆ ಸಾಕು" ಅಂತ ಆದ್ರಪ್ಪ ಮ್ಯಾನೇಜರ ಕೋಣೆಗೆ ನುಗ್ಗಿದ. ಪರೋಪಕಾರಿಯೂ ಹಿಂದೆಯೇ ನುಗ್ಗಿದ.

ಮ್ಯಾನೇಜರು ತಲೆಯೆತ್ತಲಿಲ್ಲ. "ಹಲ್ಲುನೋವಿಗೆಲ್ಲ ರಜ ಕೊಟ್ರೆ ಇಲ್ಲಿ ಕುರ್ಚಿಗಳು ಮಾತ್ರ ಉಳೀತವೆ. ಕೀಳಿಸ್ಕೊಂಡ್ರೆ ಅರ್ಧ ದಿನ. ಮಾತ್ರೆ ನುಂಗಿದ್ರೆ ವಾಪಸ್ ಬಂದು ಕೂತ್ಕೋಬೇಕು. ಇಲ್ಲಿ ಅದೇ ಪದ್ಧತಿ."

"ಸರ್, ಆದ್ರೆ..."

"ನೀನೂ ಜೊತೇಲಿ ಹೋಗು" ಅಂದರು ಪರೋಪಕಾರಿಗೆ. "ಕಿತ್ತ ಹಲ್ಲು ತಂದು ನನಗೆ ತೋರಿಸು."

ಡಾಕ್ಟರಿಗೆ ಬೆಳಗಿನಿಂದ ಒಬ್ಬ ರೋಗಿಯೂ ಬಂದಿರಲಿಲ್ಲ. ಆದ್ರಪ್ಪನನ್ನು ಕಂಡು ಮದುವೆ ಮನೆಯ ಬಾಗಿಲಲ್ಲಿ ನಿಂತವರ ಹಾಗೆ ಕೈ ಹಿಡಿದು ಒಳಗೆ ಕರೆದೊಯ್ದರು. "ಯಾವ ಹಲ್ಲು?"

ಆದ್ರಪ್ಪ ಜೀವಮಾನದಲ್ಲಿ ಇಂಥ ಪ್ರಶ್ನೆ ಎದುರಿಸಿರಲಿಲ್ಲ. ನಾಲಿಗೆಯಿಂದ ಒಂದೊಂದೇ ಹಲ್ಲನ್ನು ಮುಟ್ಟಿ ನೋಡಿಕೊಂಡ. ಎಲ್ಲವೂ ಗಟ್ಟಿ, ಎಲ್ಲವೂ ಬೇಕಾದವೇ. ಬೇಡ ಅಂತ ಎದ್ದರೆ ವಾಪಸ್ ಹೋಗಿ ಕುರ್ಚಿಯಲ್ಲಿ ಕೂರಬೇಕು, ಸಂದರ್ಶನಕ್ಕೆ ಎಳ್ಳುನೀರು ಬಿಡಬೇಕು. ಮಗಳ ಮುಖ ಕಣ್ಣೆದುರು ಬಂತು. ಹಿಂದುಗಡೆಯ ಒಂದು ದವಡೆ ಹಲ್ಲನ್ನು ಬೆರಳಿಟ್ಟು ತೋರಿಸಿದ. ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿದ.

ಡಾಕ್ಟರು ಕನ್ನಡಿ ಹಿಡಿದು ಬಗ್ಗಿದರು. "ಇದಾ? ನೋಡೋಕೆ ಚೆನ್ನಾಗೇ ಇದೆಯಲ್ಲ."

"ಈಗ ಸ್ವಲ್ಪ ಕಮ್ಮಿ ಆದ ಹಾಗಿದೆ" ಅಂದ ಆದ್ರಪ್ಪ, ಕೊನೆಯ ಸಲ ಬಾಗಿಲು ತಟ್ಟಿ ನೋಡುವವನ ಹಾಗೆ.

"ಹೆದರ್ಕೊಂಡಿದಾನೆ ಭಾವ, ನೀವು ಕಿತ್ತುಬಿಡಿ" ಅಂದ ಪರೋಪಕಾರಿ, ಭುಜ ಒತ್ತಿ ಹಿಡಿದುಕೊಂಡು.

ಗಟ್ಟಿ ಹಲ್ಲು ಸುಲಭಕ್ಕೆ ಬರಲಿಲ್ಲ. ಡಾಕ್ಟರು ಬೆವತರು, ಪರೋಪಕಾರಿಯೂ ಒಂದು ಕೈ ಹಾಕಿದ. ಎರಡೆರಡು ಸಲ ಚುಚ್ಚಿದ ಮದ್ದಿಗೆ ಆದ್ರಪ್ಪನ ಕೆನ್ನೆ, ತುಟಿ, ನಾಲಿಗೆ ಎಲ್ಲ ಬೇರೆಯವರದಾಗಿ ಹೋಯಿತು. ಕೊನೆಗೆ ಹಲ್ಲು ಬಂದಾಗ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಎಂಥಾ ಹಲ್ಲು" ಅಂತ ಮೆಚ್ಚಿಕೊಂಡರು. ಆ ಜಾಗಕ್ಕೆ ಹತ್ತಿ ತುರುಕಿ, "ಕಚ್ಚಿ ಹಿಡ್ಕೊಳ್ಳಿ. ಸಾಯಂಕಾಲದವರೆಗೂ ಬಾಯಿ ತೆಗೀಬಾರ್ದು, ತೆಗೆದ್ರೆ ರಕ್ತ ನಿಲ್ಲಲ್ಲ" ಅಂದರು. ಪರೋಪಕಾರಿ ಹಲ್ಲನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಮ್ಯಾನೇಜರಿಗೆ ಒಪ್ಪಿಸಲು ಹೊರಟ. ಆದ್ರಪ್ಪ ಏಜೆನ್ಸಿಯ ಕಡೆಗೆ ಕಾಲೆಳೆದ.

ಏಜೆನ್ಸಿಯಲ್ಲಿ ಕನ್ನಡಕದ ಮೇಡಂ ಒಬ್ಬರು, ಪಕ್ಕದಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರು. ಆದ್ರಪ್ಪ ಕೈಮುಗಿದು ಕೂತ. ಬಾಯಿ ಬಿಡುವ ಹಾಗಿಲ್ಲ, ಹಲ್ಲು ಕೀಳಿಸಿಕೊಂಡು ಬಂದಿದ್ದೇನೆ ಅಂತ ಹೇಳುವುದಕ್ಕೂ ಬಾಯಿಯೇ ಬೇಕು. ಎಲ್ಲ ಮುಗಿಯಿತು ಅಂದುಕೊಂಡ.

"ಹಳೇ ಕೆಲಸ ಯಾಕೆ ಬಿಡ್ತಿದ್ದೀರಿ?" ಅಂತ ಮೇಡಂ ಕೇಳಿದರು.

ಆದ್ರಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಮದ್ದು ತಲುಪದ ಒಂದು ಮೂಲೆಯಲ್ಲಿ ನೋವು ಎಚ್ಚರವಾಗಿ ಕಣ್ಣಿಂದ ಒಂದು ಹನಿ ನೀರು ಇಳಿಯಿತು.

"ನೋಡಿದ್ರಾ" ಅಂದರು ಮೇಡಂ ಮೀಸೆಯವರಿಗೆ. "ಬೇರೆಯವರಾಗಿದ್ರೆ ಈ ಪ್ರಶ್ನೆಗೆ ಹಳೇ ಬಾಸ್‌ನ ಜಾತಕ ಎಲ್ಲಾ ಬಿಚ್ಚಿರೋರು. ಇವರು ಒಂದು ಕೆಟ್ಟ ಮಾತು ಆಡಲಿಲ್ಲ."

"ನಿಮ್ಮ ದೌರ್ಬಲ್ಯ ಏನು?" ಅಂತ ಮೀಸೆಯವರು ಕೇಳಿದರು. ಆದ್ರಪ್ಪ ಬೇಸತ್ತು ಬಾಯಿಯ ಕಡೆಗೆ ಬೆರಳು ತೋರಿಸಿದ.

"ಮಾತು ಕಮ್ಮಿ ಅಂತೀರಾ? ಅದನ್ನ ದೌರ್ಬಲ್ಯ ಅಂತಾರೇನ್ರೀ" ಅಂತ ಅವರು ನಕ್ಕರು. ಆಮೇಲೆ ಮೀಸೆ ತಿರುವಿ, "ಈಗ ನಾನೊಬ್ಬ ಸಿಟ್ಟಿಗೆದ್ದ ಗಿರಾಕಿ" ಅಂತ ಹೇಳಿ ಮೇಜು ಗುದ್ದಿ ಕೂಗಾಡಿದರು. ಕಂಪನಿಯನ್ನು ಬೈದರು, ಆದ್ರಪ್ಪನನ್ನು ಬೈದರು, ಅವನ ವಂಶವನ್ನೂ ಬಿಡಲಿಲ್ಲ. ಆದ್ರಪ್ಪ ಹತ್ತಿ ಕಚ್ಚಿಕೊಂಡು, ನೀರು ತುಂಬಿದ ಕಣ್ಣಲ್ಲಿ ಅವರನ್ನೇ ನೋಡುತ್ತ, ಆಗಾಗ ತಲೆಯಾಡಿಸುತ್ತ ಕೂತ. ಬೈದು ಬೈದು ಮೀಸೆಯವರಿಗೇ ನಾಚಿಕೆಯಾಯಿತು. "ಇಷ್ಟು ಬೈದ್ರೂ ಎದುರಾಡಲಿಲ್ಲ" ಅಂತ ಅವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಇಂಥವರು ಈಗ ಎಲ್ಲಿ ಸಿಗ್ತಾರೆ."

ಮೇಡಂ ಕಾಗದ ಮುಂದಿಟ್ಟರು. "ಕೆಲಸ ನಿಮಗೇ. ಆದರೆ ಆರಂಭದ ದರ್ಜೆಯಲ್ಲಿ ಸೇರ್ಬೇಕು. ಹಿಂದಿನ ಅನುಭವ ಲೆಕ್ಕಕ್ಕಿಲ್ಲ. ಆರು ತಿಂಗಳು ಪರೀಕ್ಷೆಯ ಮೇಲೆ ಇರ್ತೀರಿ. ಒಪ್ಪಿಗೆ ತಾನೇ?"

ಆದ್ರಪ್ಪನೊಳಗೆ ಹನ್ನೆರಡು ವರ್ಷವೂ ಒಟ್ಟಿಗೆ ಎದ್ದು ನಿಂತವು. "ಒಪ್ಪಿಗೆ, ಆದ್ರೆ" ಅಂತ ಶುರುಮಾಡಲು ತುಟಿ ಅಲ್ಲಾಡಿಸಿದ. ಒಂದಿಷ್ಟು ಜೊಲ್ಲು ಬಂತೇ ಹೊರತು ಮಾತು ಬರಲಿಲ್ಲ. ಹೊಸಬರ ಸಂಬಳವಾದರೂ ಸಂಬಳವೇ, ಮಗಳ ಓದು ನಿಲ್ಲುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು ಸಹಿ ಹಾಕಿದ. ಎಷ್ಟೋ ದಿನಗಳ ಮೇಲೆ ಎದೆ ಹಗುರವಾಯಿತು. ಆ ಮ್ಯಾನೇಜರ ಮುಖ ಇನ್ನು ನೋಡಬೇಕಾಗಿಲ್ಲ ಅನ್ನಿಸಿ, ಜೀವವಿದ್ದ ಅರ್ಧ ತುಟಿಯಲ್ಲೇ ನಕ್ಕ.

"ಕಂಪನಿಯವರಿಗೆ ಈಗಲೇ ಹೇಳಿಬಿಡೋಣ" ಅಂತ ಮೇಡಂ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. "ಸರ್, ನಿಮಗೆ ಬೇಕಾದಂಥ ಮನುಷ್ಯ ಸಿಕ್ಕಿದ್ರು."

"ಸದ್ಯ, ಬದುಕಿದೆ" ಅಂತ ಆ ಕಡೆಯಿಂದ ದನಿ ಬಂತು. ಅದು ಆದ್ರಪ್ಪ ಹನ್ನೆರಡು ವರ್ಷ ಕಿವಿ ಕೊಟ್ಟು ಕೇಳಿದ ದನಿ. "ಈಗಿರೋನ ಬಾಯಿ ತಡೆಯೋಕಾಗ್ತಿಲ್ಲ ಮೇಡಂ. ಇವತ್ತು ಹಲ್ಲುನೋವು ಅಂತ ಹೋಗಿದಾನೆ. ನಂಬ್ತೀರೋ ಇಲ್ವೋ, ಅವನ ಹಲ್ಲು ಇಲ್ಲೇ ನನ್ನ ಟೇಬಲ್ ಮೇಲಿದೆ. ಅವನನ್ನ ತೆಗೆಯೋ ಆರ್ಡರಿಗೆ ಈಗಷ್ಟೇ ಸಹಿ ಹಾಕಿದೆ. ಹೊಸಬರ ಹೆಸರೇನು?"

ಮೇಡಂ ಕಾಗದ ನೋಡಿ ಆದ್ರಪ್ಪನ ನಿಜವಾದ ಹೆಸರನ್ನು ನಿಧಾನವಾಗಿ ಓದಿದರು.

ಲೈನು ಕಡಿದುಹೋಯಿತೇನೋ ಅಂತ ಮೇಡಂ ಫೋನನ್ನು ತಟ್ಟಿ ನೋಡಿದರು. ಆದ್ರಪ್ಪ ಮೇಜಿನ ಅಂಚನ್ನು ಹಿಡಿದುಕೊಂಡ. ಹಳೆಯ ಕೆಲಸ ಆಗಲೇ ಹೋಗಿತ್ತು, ಹೊಸದೂ ಹೋದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು.

"ಆ ಮನುಷ್ಯ ಅಲ್ಲೇ ಇದಾನಾ?"

"ಎದುರಿಗೇ ಕೂತಿದಾರೆ ಸರ್."

"ಮಾತಾಡ್ತಿದಾನಾ?"

"ಬಂದಾಗಿಂದ ಒಂದೇ ಒಂದು ಮಾತಾಡಿಲ್ಲ."

"ಹೊಸಬರ ದರ್ಜೆಗೆ ಒಪ್ಪಿ ಸಹಿ ಹಾಕಿದಾನಾ? ಆರು ತಿಂಗಳ ಪರೀಕ್ಷೆಗೂ?"

"ಎಲ್ಲದಕ್ಕೂ ಹಾಕಿದಾರೆ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಬಹಳ ಒಳ್ಳೇದಾಯ್ತು. ಕೆಲಸ ಕಲಿಸೋ ಖರ್ಚೂ ಉಳೀತು. ನಾಳೆ ಬೆಳಿಗ್ಗೆ ಕಳಿಸಿ" ಅಂದು ಫೋನಿಟ್ಟರು.

ಮೇಡಂ ಎದ್ದು ಕೈಕುಲುಕಿದರು. ಮೀಸೆಯವರು, ಬೈದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಅಂದರು. ಆದ್ರಪ್ಪ ಮೆಟ್ಟಿಲಿಳಿದು ಬೀದಿಗೆ ಬಂದ. ಮದ್ದು ಇಳಿದು ದವಡೆಯೆಲ್ಲ ಸುತ್ತಿಗೆಯಲ್ಲಿ ಬಡಿದ ಹಾಗೆ ನೋಯುತ್ತಿತ್ತು. ಅದಕ್ಕಿಂತ ಮೇಲಾದ ನೋವು ಇನ್ನೆಲ್ಲೋ ಇತ್ತು, ಅದಕ್ಕೆ ಎದುರು ಬೀದಿಯಲ್ಲಿ ಡಾಕ್ಟರಿರಲಿಲ್ಲ.

ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಊದಿದ ಕೆನ್ನೆಯನ್ನು ಕಂಡು, "ಮನೆಗೆ ಬಂದಾಯ್ತಲ್ಲ, ಇನ್ನು ನಾಟಕ ಸಾಕು" ಅಂದಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು. "ಸಿಕ್ತಾ?"

ಆದ್ರಪ್ಪ ತಲೆಯಾಡಿಸಿದ.

ಅವಳು ಗೋಡೆಗೊರಗಿ ಹಾಗೇ ಕೂತುಬಿಟ್ಟಳು. ಕಣ್ಣೊರೆಸಿಕೊಂಡು, ಒಳಗೆ ಓದುತ್ತಿದ್ದ ಮಗಳಿಗೆ "ಅಪ್ಪಂಗೆ ಕೆಲಸ ಸಿಕ್ತು ಕಣೇ" ಅಂತ ಕೂಗಿ ಹೇಳಿದಳು. ಮಗಳು ಓಡಿಬಂದು ಅಪ್ಪನ ಕೈ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿಕೊಂಡು ನಿಜ ಹೇಳುವ ಶಕ್ತಿ ಅವನಿಗಿರಲಿಲ್ಲ.

"ದೂರನಾ ರೀ? ಯಾವ ಬಸ್ಸು ಹತ್ಬೇಕು?" ಅಂತ ಹೆಂಡತಿ ಕೇಳಿದಳು.

ಆದ್ರಪ್ಪ ಹೊರಗೆ ಹೋಗಿ ಹತ್ತಿ ಉಗಿದು ಬಂದ. ಆ ಮಧ್ಯಾಹ್ನದಿಂದ ಮೊದಲ ಸಲ ಮಾತಾಡಿದ.

"ಅದೇ ಬಸ್ಸು" ಅಂದ. "ನಾಳೆ ಸ್ವಲ್ಪ ಬೇಗ ಎಬ್ಬಿಸು. ಹೊಸಬ, ಮೊದಲನೇ ದಿನವೇ ತಡ ಆಗ್ಬಾರ್ದು."