ಮಾಳಿಗೆಯ ಮೇಲಿನ ಕುಣಿಮಗ್ಗ

ಇಬ್ಬರು ಯಜಮಾನರಿರುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಬೆಟಗೇರಿಯ ಖಾಸಗಿ ಕಾಲೇಜೊಂದರಲ್ಲಿ ಸರ್ಕಾರದ ಸಹಭಾಗಿತ್ವದಿಂದ ಕೈಮಗ್ಗದ ಪದವಿ ಶುರುವಾದಾಗ ಅದಕ್ಕಿದ್ದ ಒಬ್ಬನೇ ಮಾಸ್ತರ ನಾನು. ನೇಕಾರರ ಮನೆಯವನು. ನಮ್ಮ ಮಕ್ಕಳು ಕಸುಬಿನಲ್ಲೇ ಪದವಿ ಪಡೆಯಲಿ ಎಂದು ಜೀವ ಹಾತೊರೆಯುತ್ತಿತ್ತು.

ಗಾಳಿ ನೇಯ್ಗೆ

ಒಪ್ಪಂದ ಸರಳ: ಮಗ್ಗ ಸರ್ಕಾರದ್ದು, ಜಾಗ ಸಂಸ್ಥೆಯದು. ನೂಲು ಯಾರದೆಂದು ಯಾರೂ ಮಾತಾಡಿರಲಿಲ್ಲ. ಕೇಳಿದರೆ ಸರ್ಕಾರದ ಅಧಿಕಾರಿಗಳು ಸಂಸ್ಥೆಯ ಅಧ್ಯಕ್ಷರತ್ತ, ಅಧ್ಯಕ್ಷರು ಅಧಿಕಾರಿಗಳತ್ತ ಕೈ ತೋರಿಸುವರು. ಮಗ್ಗವೂ ಬಂದಿರಲಿಲ್ಲ. ನಾನು ಬರಿಗೈ ಆಡಿಸಿ ಲಾಳಿ ಎಸೆಯುವುದನ್ನು ಕಲಿಸಿದೆ. ಹರ್ತಿ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯನ್ನು ಅವರಪ್ಪ ಕೇಳಿದನಂತೆ, "ಏನ್ ನೇಯ್ದಿ ಮಗಳ?"

"ಇನ್ನೂ ಗಾಳಿ ನೇಯಾಕತ್ತೀವಪ್ಪ."

ಕುಣಿ ಯಾರದು?

ಕೊನೆಗೆ ಮಗ್ಗಗಳು ಬಂದವು. ಎಲ್ಲವೂ ಕುಣಿಮಗ್ಗಗಳು, ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ನಮಗೆ ಕೊಟ್ಟ ಕೋಣೆಯೋ ಹಳೆಯ ವಾಡೆಯ ಮಾಳಿಗೆಯ ಮೇಲೆ, ಹಲಗೆಯ ನೆಲ.

"ಕುಣಿ ಜಾಗದ ಲೆಕ್ಕಕ್ಕ ಬರ್ತೈತಿ, ನೀವ ಕೊಡಬೇಕ್ರಿ" ಎಂದರು ಅಧಿಕಾರಿಗಳು.

"ಕುಣಿ ಇಲ್ಲದ ಕುಣಿಮಗ್ಗ ಎಲ್ಲೈತ್ರಿ? ನೀವ ತರಬೇಕು" ಎಂದರು ಅಧ್ಯಕ್ಷರು.

ಅಧಿಕಾರಿಗಳು ಯೋಚಿಸಿ ಹೇಳಿದರು, "ಆತ್ರಿ, ಮುಂದಿನ ಲಾರಿಗೆ ಕಳಸ್ತೀವಿ."

ಕೂಡಿ ಮಾಡಿದ್ದು

ಮಗ್ಗ ನಡೆಯದಿದ್ದರೆ ಪದವಿ ಬಂದ್ ಎಂದು ಆದೇಶ ಬಂತು. ಪರೀಕ್ಷಿಸಲು ಅದೇ ಅಧಿಕಾರಿಗಳು ಬರುವವರಿದ್ದರು. ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಓಣಿಯ ನೇಕಾರ ಕಾಕಾ ಮನೆಯ ನೂಲು ತಂದು ಮಗ್ಗಕ್ಕೆ ಹಾಸು ಹೂಡಿದ; ಅವರು ಬರುವ ದಿನ ಗರಗಸ ತಂದು ಕುಣಿಗಾಗಿ ಹಲಗೆಯ ನೆಲವನ್ನೇ ಕೊರೆದ. ಕೆಳಗೆ ಅಧ್ಯಕ್ಷರ ಕೋಣೆಯಿದೆ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಹೊತ್ತಿಗೆ ಅಧಿಕಾರಿಗಳು ಅಧ್ಯಕ್ಷರ ಜೊತೆ ಕೆಳಗೆ ಕುಳಿತು ಗಿರಮಿಟ್ ತಿನ್ನುತ್ತಿದ್ದರು. ಮೇಲಿನಿಂದ ಕಟ್ಟಿಗೆಯ ಪುಡಿ ಉದುರಿತು. ಹಿಂದೆಯೇ ಹರ್ತಿ ಹುಡುಗಿಯ ಎರಡು ಕಾಲು ಇಳಿದವು. ಅವಳು ತುಳಿಯಬೇಕಾದ ಹಲಗೆ ಕೆಳಗೆ ಆಸರೆಯಿಲ್ಲದೆ ಹಗ್ಗಕ್ಕೆ ಜೋಲಾಡುತ್ತಿತ್ತು. ಕಾಕಾ ಮೇಲಿಂದ ಕೂಗಿದ:

"ಕೆಳಗ ಯಾರದೀರಿ? ಆ ಹಲಗಿ ಎರಡೂ ಕಡೆ ಗಟ್ಟಿ ಹಿಡೀರಿ, ಜಲ್ದಿ!"

ದನಿಗೆ ಹೆದರಿ ಒಂದು ತುದಿ ಅಧಿಕಾರಿಗಳು ಹಿಡಿದರು, ಇನ್ನೊಂದು ಅಧ್ಯಕ್ಷರು. ಮೇಲೆ ಲಾಳಿ ಓಡಿತು. ಗೇಣುದ್ದ ಅರಿವೆ ಖರೆ ಖರೆ ನೇಯ್ದಾಯಿತು. ನನ್ನ ಕಣ್ಣು ತುಂಬಿ ಬಂತು. ಇಷ್ಟು ದಿನಗಳಲ್ಲಿ ಅವರಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ.

ಅಷ್ಟರಲ್ಲಿ ಚಹಾ ಬಂತು. ಇಬ್ಬರೂ ಹಲಗೆ ಬಿಟ್ಟು ಕಪ್ಪು ಹಿಡಿದರು; ಮೇಲೆ ಲಾಳಿ ನಿಂತಿತು. ಮೇಲೆ ಹೋಗಿ ಅರಿವೆ ನೋಡಲೇ ಇಲ್ಲ; ಮಗ್ಗ ನಡೆಯುತ್ತಿಲ್ಲವೆಂದು ಚಹಾ ಮುಗಿಯುವುದರೊಳಗೆ ಪದವಿ ಬಂದ್ ಮಾಡಿದರು.