ಮೂವತ್ತು ವರ್ಷದ ಹೆಸರಾಂತ ವ್ಯಾಪಾರಿ

ಮನಸ್ಸು ಮಾಡಿದರೆ ನಾನು ಏನನ್ನು ಬೇಕಾದರೂ ಮಾರಬಲ್ಲೆ! ಈ ಮಹಾಸತ್ಯ ನನಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ ಹೊಳೆಯಿತು. ಬಾಯಿ ತುಂಬ ನೊರೆ ಇದ್ದುದರಿಂದ ತಕ್ಷಣ ಘೋಷಿಸಲಾಗಲಿಲ್ಲ. ಬಾಯಿ ಮುಕ್ಕಳಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಎದೆಯುಬ್ಬಿಸಿ ಘೋಷಿಸಿದೆ. ಹೆಂಡತಿ ತಿರುಗಿ ನೋಡಿ, "ಬಿಸಿನೀರು ಕಾದಿದೆ, ಹೋಗಿ" ಎಂದಳು.

ತಪ್ಪು ಅವಳದ್ದಲ್ಲ. ಅವಳಿಗೆ ಕಿವಿ ಮಂದವಾಗತೊಡಗಿ ನಾಲ್ಕು ವರ್ಷವಾಗಿತ್ತು. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ಹಗಲೆಲ್ಲ ಊರಿನವರು ನನ್ನ ಮೇಲೆ ಕೂಗುತ್ತಾರೆ, ಸಂಜೆ ಮನೆಗೆ ಬಂದು ನಾನು ಕೂಗುತ್ತೇನೆ. ಮೊದಮೊದಲು ತಮಾಷೆಯಾಗಿತ್ತು. ಆಮೇಲೆ ಕೂಗುವುದಕ್ಕೆ ಲಾಯಕ್ಕಾದ ಮಾತುಗಳನ್ನಷ್ಟೇ ಆಡತೊಡಗಿದೆವು. ಗ್ಯಾಸ್ ಮುಗಿಯಿತು, ಬಾಗಿಲು ಹಾಕು, ಮಾತ್ರೆ ತೆಗೆದುಕೊಂಡೆಯಾ, ಇಷ್ಟೇ. ಉಳಿದ ಮಾತುಗಳೆಲ್ಲ ಮನೆಯಿಂದ ಒಂದೊಂದಾಗಿ ಹೊರಟುಹೋದವು.

ಭಾನುವಾರ ಮಗಳು ಫೋನ್ ಮಾಡಿದರೆ ಇವಳು ನಗುತ್ತಾ "ಹ್ಞೂಂ, ಹ್ಞೂಂ" ಎಂದು ನನ್ನ ಕೈಗೆ ದಾಟಿಸುತ್ತಿದ್ದಳು. ಒಂದು ಭಾನುವಾರ ಮಗಳು ಕೆಲಸ ಹೋಯಿತೆಂದು ಅಳುತ್ತಾ ಹೇಳಿದಾಗ ಇವಳು, "ಒಳ್ಳೇದಾಯ್ತು ಬಿಡು ಪುಟ್ಟಿ" ಎಂದುಬಿಟ್ಟಳು. ನಿಜ ಗೊತ್ತಾದ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಲ್ಲಿಂದ ಫೋನ್ ಮುಟ್ಟುವುದನ್ನೇ ಬಿಟ್ಟಳು. ಕಿವಿಗೆ ಹಾಕಿಕೊಳ್ಳುವ ಮಷೀನಿನ ಬೆಲೆ ವಿಚಾರಿಸಿದೆ. ಕೇಳಿ ನನ್ನ ಕಿವಿಯೇ ಮುಚ್ಚಿಹೋಯಿತು.

ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತು ಅಂತ ಇದ್ದದ್ದು ನನ್ನ ಗಡಿಯಾರಗಳು ಮಾತ್ರ. ಮೂವತ್ತೆಂಟು! ಮೂವತ್ತು ವರ್ಷ ಗುಜರಿ ಅಂಗಡಿಗಳಲ್ಲಿ, ಹರಾಜುಗಳಲ್ಲಿ, ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಸಾಮ್ರಾಜ್ಯ. ಲೋಲಕದವು, ಹಡಗಿನವು, ನಾಲ್ಕು ಗಂಟೆಗೆ ಮಾತ್ರ ಹಕ್ಕಿ ಹೊರಬರುವ ಒಂದು. ಎರಡು ಗಡಿಯಾರಗಳು ಒಂದೇ ಸಮಯ ತೋರಿಸಿದ ದಾಖಲೆಯಿಲ್ಲ. ಅವನ್ನೆಲ್ಲ ಆನ್‌ಲೈನಿನಲ್ಲಿ ಮಾರಿ ಕಿವಿ ಕೊಳ್ಳುವುದೆಂದು ನಿರ್ಧರಿಸಿದೆ.

ಫೋಟೋ ತೆಗೆದು, ಹಳೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಯೊಂದಕ್ಕೆ ಏರಿಸಿದೆ. ಎರಡು ವಾರ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಆಗ ಕಂಡಿತು ಆ ಖಾಲಿ ಜಾಗ: "ಮಾರುವವರ ಬಗ್ಗೆ ಎರಡು ಸಾಲು." ನಾನು 'ನೀರಿನ ಇಲಾಖೆಯ ಗುಮಾಸ್ತ' ಎಂದು ಬರೆದಿದ್ದೆ. ಗುಮಾಸ್ತನಿಂದ ಗಡಿಯಾರ ಯಾರು ಕೊಳ್ಳುತ್ತಾರೆ? ಅಳಿಸಿದೆ. ಬರೆದೆ: "ಮೂವತ್ತು ವರ್ಷಗಳಿಂದ ಪುರಾತನ ಗಡಿಯಾರಗಳ ವಹಿವಾಟಿನಲ್ಲಿ ಹೆಸರಾಂತ ವ್ಯಾಪಾರಿ. ಸಾವಿರಾರು ತೃಪ್ತ ಗ್ರಾಹಕರು. ಸಗಟು ಖರೀದಿಗೂ ಸಂಪರ್ಕಿಸಿ." ಓದಿ ನನಗೇ ನನ್ನ ಮೇಲೆ ಗೌರವ ಬಂತು.

ಒಂದೂವರೆ ತಿಂಗಳಲ್ಲಿ ಮೂವತ್ತೆಂಟೂ ಹೋದವು. ಕೊನೆಯದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಟೇಪು ಅಂಟಿಸುವಾಗ ಕಣ್ಣು ಮಂಜಾಯಿತು. ಗೋಡೆಗಳ ಮೇಲೆ ಗಡಿಯಾರ ಇದ್ದ ಕಡೆಯೆಲ್ಲ ಬಿಳಿಯ ಗುಂಡು ಕಲೆಗಳು ಉಳಿದವು. ಟಿಕ್‌ಟಿಕ್ ಇಲ್ಲದ ಮನೆಯಲ್ಲಿ ಕುಳಿತಾಗ ನಾಲ್ಕು ವರ್ಷದಿಂದ ಇವಳು ಬದುಕುತ್ತಿದ್ದುದು ಎಂಥ ಕಡೆ ಎಂದು ಸ್ವಲ್ಪ ಅರ್ಥವಾಯಿತು. ಆದರೂ ಹಣ ಕೈಯಲ್ಲಿತ್ತು. ಎರಡೂ ಕಿವಿಗೆ ಸರಿಹೋಗುವಷ್ಟು.

ಕೊನೆಯ ಗಡಿಯಾರ ಹೋದ ಹನ್ನೊಂದನೆಯ ದಿನ ತೆರಿಗೆ ಇಲಾಖೆಯ ಕಾಗದ ಬಂತು. ಮೂವತ್ತಕ್ಕಿಂತ ಹೆಚ್ಚು ವಸ್ತು ಮಾರಿದವರ ಹೆಸರನ್ನು ಆ ಅಂಗಡಿ ತಾನಾಗಿಯೇ ಇಲಾಖೆಗೆ ಒಪ್ಪಿಸುತ್ತದಂತೆ. ಕಾಗದ ಬಹಳ ಮರ್ಯಾದೆಯಿಂದ ಕೂಡಿತ್ತು. ತಾವು ಮೂವತ್ತು ವರ್ಷಗಳಿಂದ ಹೆಸರಾಂತ ವ್ಯಾಪಾರಿಯೆಂದು ತಮ್ಮ ಮಾತಿನಲ್ಲೇ ತಿಳಿದುಬಂದಿದೆ, ದಯವಿಟ್ಟು ಮೂವತ್ತು ವರ್ಷಗಳ ಲೆಕ್ಕಪತ್ರ ಮತ್ತು ಸಾವಿರಾರು ತೃಪ್ತ ಗ್ರಾಹಕರ ವಿವರದೊಂದಿಗೆ ಹಾಜರಾಗಿ, ಎಂದು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ನಿವೃತ್ತ ಲೆಕ್ಕಿಗ. ಫೋನ್ ಮಾಡಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮನೆಯಲ್ಲಿ ಬಳಸಿದ ಸ್ವಂತ ಸಾಮಾನನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆಯ ಮಾತಿಲ್ಲ. ಹೆಚ್ಚಿಗೆ ಮಾರಿದರೆ ಆ ಹೆಚ್ಚಿಗೆಗೆ ಮಾತ್ರ. ಆದರೆ ವ್ಯಾಪಾರಿಯೆಂದು ತೀರ್ಮಾನವಾದರೆ ಬಂದದ್ದಕ್ಕೆಲ್ಲ ತೆರಿಗೆ, ನೋಂದಣಿ ಇಲ್ಲದ್ದಕ್ಕೆ ದಂಡ.

"ವ್ಯಾಪಾರಿ ಅಂತ ಬರೆದವರು ಯಾರು?" ಎಂದರು.

"ನಾನೇ, ಭಾವ."

ಅವರು ಆ ಎರಡು ಸಾಲನ್ನು ನನ್ನಿಂದ ಓದಿಸಿ ಕೇಳಿದರು. ಆಮೇಲೆ, ಕೊಂಡಾಗಿನ ಬಿಲ್ಲುಗಳಿದ್ದರೆ ಬದುಕಿದೆ, ಇಲ್ಲದಿದ್ದರೆ ಕಿವಿಯ ಆಸೆ ಬಿಡು ಎಂದರು.

ಬಿಲ್ಲು ಇಟ್ಟುಕೊಳ್ಳುವ ಜಾತಿಯವನಲ್ಲ ನಾನು. ತಲೆ ಮೇಲೆ ಕೈಹೊತ್ತು ಕುಳಿತೆ. ಹೆಂಡತಿ ಕಾಗದವನ್ನು ಎರಡು ಸಲ ಓದಿ, ಒಳಗೆ ಹೋಗಿ, ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದಿಟ್ಟಳು. ಒಳಗೆ ಮೂವತ್ತೇಳು ಬಿಲ್ಲುಗಳು, ದಿನಾಂಕದ ಪ್ರಕಾರ! ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ. 'ಮಗಳ ಶಾಲೆಯ ಪ್ರವಾಸ ತಪ್ಪಿತು.' 'ನನ್ನ ಹಲ್ಲು ಮುಂದಿನ ತಿಂಗಳಿಗೆ.' 'ಮುಂದಿನ ತಿಂಗಳೂ ಇಲ್ಲ.' ನಾನು ಹಿಂಬದಿ ಓದುವುದನ್ನು ಐದನೆಯದಕ್ಕೆ ನಿಲ್ಲಿಸಿದೆ.

ಇಬ್ಬರೂ ಹೋದೆವು. ತೆರಿಗೆ ಕಚೇರಿಯ ಮೂರನೆಯ ಮಹಡಿ, ಉದ್ದನೆಯ ಹಜಾರ. ಗೋಡೆಗೆ ಒರಗಿಸಿದ ಕಬ್ಬಿಣದ ಕುರ್ಚಿಗಳಲ್ಲಿ ಟೋಕನ್ ಹಿಡಿದ ನಲವತ್ತು ಜನ. ಎದೆಯೆತ್ತರದ ಗಾಜಿನ ಆಚೆ ಮಗಳ ವಯಸ್ಸಿನ ಅಧಿಕಾರಿಣಿ. ಪಿಸುಮಾತಿನಂಥ ಮೃದು ದನಿ. ಪುಣ್ಯ, ನನ್ನ ಮಾನ ಈ ಗಾಜು ದಾಟುವುದಿಲ್ಲ ಎಂದುಕೊಂಡೆ.

ಆಕೆ ಮೂವತ್ತೇಳು ಬಿಲ್ಲುಗಳನ್ನೂ ತಾಳೆ ನೋಡಿದಳು. ಮೂವತ್ತೇಳರಲ್ಲೂ ನಷ್ಟ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿದ್ದ ಪಕ್ಕದ ಮೇಜಿನವರನ್ನು ಕರೆದು ತೋರಿಸಿದಳು. ಅವರೂ ಇಂಥದ್ದು ಕಂಡಿಲ್ಲ ಎಂದರು. ಮೂವತ್ತೆಂಟನೆಯದಕ್ಕೆ ಬಿಲ್ಲಿರಲಿಲ್ಲ. ಅದನ್ನು ಇವಳೇ ಯಾರೋ ರಸ್ತೆಬದಿಗೆ ಎಸೆದಿದ್ದಾಗ ಎತ್ತಿಕೊಂಡು ಬಂದಿದ್ದಳು. ಇಡೀ ಸಾಮ್ರಾಜ್ಯದಲ್ಲಿ ಲಾಭಕ್ಕೆ ಹೋದದ್ದು ಅದೊಂದೇ.

ಆದರೂ ನಿಯಮ ನಿಯಮವೇ. ನಷ್ಟದ ವ್ಯಾಪಾರಿಯೂ ವ್ಯಾಪಾರಿಯೇ ತಾನೇ, ಮನೆಯವರ ಹೇಳಿಕೆ ಬೇಕು ಎಂದಳು ಆಕೆ. ಇವಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಅಮ್ಮಾ, ಈ ಮೂವತ್ತು ವರ್ಷದಲ್ಲಿ ಇವರ ಗಡಿಯಾರಗಳಿಂದ ನಿಮಗೆ ಏನಾದ್ರೂ ಲಾಭ ಆಗಿದೆಯಾ?"

ಇವಳು ಕೈಯನ್ನು ಕಿವಿಗೆ ಆನಿಸಿ, "ಏನಂದ್ರಿ?" ಎಂದಳು.

ಆಕೆ ದನಿಯೇರಿಸಿದಳು. ಮುಂದಿನ ಸಾಲಿನವರು ತಲೆಯೆತ್ತಿದರು. ಇವಳು ಮತ್ತೆ, "ಸ್ವಲ್ಪ ಜೋರಾಗಿ ಹೇಳಮ್ಮ." ಆ ಮೃದು ಹುಡುಗಿ ಎದ್ದು ನಿಂತು, ಗಾಜಿನ ಮೇಲಿಂದ ಬಾಗಿ, ಗಂಟಲು ಹರಿಯುವಂತೆ ಕೂಗಿದಳು. ಹಜಾರಕ್ಕೆ ಹಜಾರವೇ ಸ್ತಬ್ಧ. ಮೆಟ್ಟಿಲ ಬಳಿಯ ಕಾವಲುಗಾರ ಕೂಡ ಉತ್ತರಕ್ಕಾಗಿ ಒಳಗೆ ಬಂದು ನಿಂತ.

ಇವಳು ಉತ್ತರ ಕೊಟ್ಟಳು. ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಅವಳ ಹೇಳಿಕೆ ಎರಡನೆಯ ಮಹಡಿಗೂ ಕೇಳಿಸಿತಂತೆ. ಗಡಿಯಾರದಿಂದ ಶುರುವಾಗಿ, ನಾನು ಮರಿ ಮಾರೋಣವೆಂದು ತಂದ ಜೋಡಿ ಮೊಲಗಳು ಎರಡೂ ಗಂಡಾಗಿದ್ದದ್ದು, ಹೊಸ ಟಯರು ಹಾಕಿಸಿದ ಮೂರನೆಯ ದಿನ ಸ್ಕೂಟರನ್ನು ಟಯರಿನ ಬೆಲೆಗೆ ಮಾರಿದ್ದು, ಎಲ್ಲ ಬಂತು. ಕೊನೆಗೆ ಡಬ್ಬದ ಮುಚ್ಚಳ ಹಾಕಿ, "ನಷ್ಟ ಮಾಡೋಕೂ ಒಂದು ಉದ್ದೇಶ ಅಂತ ಇರ್ಬೇಕಲ್ಲಮ್ಮ, ಇವರಿಗೆ ಅದೂ ಇರ್ಲಿಲ್ಲ" ಎಂದಳು. ಟೋಕನ್ ಹಿಡಿದಿದ್ದ ಮುದುಕರೊಬ್ಬರು ಎದ್ದು ಬಂದು ನನ್ನ ಭುಜ ತಟ್ಟಿ ಹೋದರು.

ಅಧಿಕಾರಿಣಿ ಬೆರಳಚ್ಚು ಮಾಡಿದಳು. "ವ್ಯಾಪಾರದ ಉದ್ದೇಶ ಕಂಡುಬಂದಿಲ್ಲ. ಸಾಮರ್ಥ್ಯವೂ ಕಂಡುಬಂದಿಲ್ಲ." ಕೆಳಗೆ ಸರ್ಕಾರದ ದುಂಡು ಮೊಹರು. ರಸ್ತೆಯಲ್ಲಿ ಸಿಕ್ಕಿದ ಗಡಿಯಾರಕ್ಕೆ ಮಾತ್ರ ತೆರಿಗೆ ಬಿತ್ತು. ಸುಳ್ಳು ವಿವರ ಬರೆದದ್ದಕ್ಕೆ ದಂಡವೂ ಬಿತ್ತು, ಸಣ್ಣದೇನಲ್ಲ. ಎಲ್ಲ ಕಳೆದು ಉಳಿದದ್ದು ಒಂದೇ ಕಿವಿಗೆ ಸಾಕಾಯಿತು. ಇವಳು ಬಲಗಿವಿಗೆ ಹಾಕಿಸಿಕೊಂಡಳು. ಊಟಕ್ಕೆ ನಾನು ಕೂರುವುದು ಅವಳ ಎಡಕ್ಕೆ.

ಆ ಭಾನುವಾರ ಅವಳು ಮಗಳ ಹತ್ತಿರ ಒಂದು ಗಂಟೆ ಮಾತಾಡಿದಳು. ನಾನು ಖಾಲಿ ಗೋಡೆ ನೋಡುತ್ತಾ ಕುಳಿತಿದ್ದೆ. ಒಳಗೆ ಸಂತೋಷವೂ ಸಂಕಟವೂ ಒಟ್ಟಿಗೇ ಆಗುತ್ತಿತ್ತು. ಫೋನ್ ಇಟ್ಟ ಮೇಲೆ ಬಲಗಡೆಗೆ ಹೋಗಿ ಕುಳಿತು, ಮೆಲುದನಿಯಲ್ಲೇ ಹೇಳಿದೆ, "ಈ ಮಷೀನು ಆವತ್ತೇ ಇದ್ದಿದ್ರೆ ಆ ಹುಡುಗಿ ಅಷ್ಟು ಕೂಗ್ಬೇಕಾಗಿರ್ಲಿಲ್ಲ. ನಾಲ್ಕು ಜನರ ಎದುರು ನನ್ನ ಮಾನವಾದ್ರೂ ಉಳೀತಿತ್ತು."

"ಅವಳು ಮೊದಲನೇ ಸಲ ಹೇಳಿದಾಗ್ಲೇ ತಿಳೀತು ನಂಗೆ," ಎಂದಳು. "ಎದುರಿಗೆ ಕೂತು ಮೆಲ್ಲಗೆ ಹೇಳಿದ್ರೆ ತುಟಿ ನೋಡಿ ಗೊತ್ತಾಗುತ್ತೆ."

"ಮತ್ತೆ ಎರಡು ಸಲ ಯಾಕೆ ಕೂಗಿಸಿದೆ?"

ಅವಳು ಮಷೀನನ್ನು ಕಿವಿಯಲ್ಲಿ ಸರಿಪಡಿಸಿಕೊಂಡಳು.

"ಇದರಿಂದ ನಿಮಗೇನು ಸಿಕ್ತು ಅಂತ ಮೂವತ್ತು ವರ್ಷದಲ್ಲಿ ನನ್ನನ್ನ ಒಬ್ಬರು ಕೇಳಿದ್ದು ಅದೇ ಮೊದಲು. ಇನ್ನೆರಡು ಸಲ ಕೇಳ್ಲಿ ಅನ್ನಿಸ್ತು."