ಮೋಹನ್‌ಕುಮಾರ್ ಮನೆಗೆ ಫೈಬರ್ ಬಂದದ್ದು

ಅರ್ಧ ರೇಟು ಎಂಬ ಮಾತು ಕಿವಿಗೆ ಬಿದ್ದರೆ ಎಂಥ ಬುದ್ಧಿವಂತನೂ ಒಂದು ಗಳಿಗೆ ಪೆದ್ದನಾಗುತ್ತಾನೆ. ಗುಬ್ಬಿಯ ಮೋಹನ್‌ಕುಮಾರ್ ಮೊದಲೇ ಅಷ್ಟೇನೂ ಬುದ್ಧಿವಂತನಲ್ಲ. ಆ ಭಾನುವಾರ ಬೆಳಗ್ಗೆ ಹೊಸ ಇಂಟರ್ನೆಟ್ ಹಾಕಲು ಏಣಿ, ವೈರಿನ ಸುರುಳಿ ಸಮೇತ ಬಾಗಿಲಿಗೇ ಬಂದಿದ್ದ ಕಂಪನಿಯವನನ್ನು "ಒಂದೈದು ನಿಮಿಷ ಇರಪ್ಪ" ಎಂದು ಬಿಸಿಲಲ್ಲಿ ನಿಲ್ಲಿಸಿ, ನಿಟ್ಟೂರಿನ ಲಕ್ಷ್ಮೀನರಸಿಂಹಯ್ಯನವರಿಗೆ ಫೋನ್ ಮಾಡಲು ಒಳಗೆ ಹೋದ. ಅವರು ಅವನ ಹೆಂಡತಿ ಪ್ರಮೀಳಾಳ ಸೋದರಮಾವ. ಯಾವ ಸಾಮಾನೇ ಇರಲಿ, ಅರ್ಧ ರೇಟಿಗೆ ಕೊಡಿಸುವುದರಲ್ಲಿ ಹೆಸರುವಾಸಿ.

ಅಂದು ಮೋಹನ್‌ಕುಮಾರನಿಗೆ ಇಂಟರ್ನೆಟ್ ಎಂದರೆ ಪ್ರಾಣ. ಅವನು ಪತ್ತಿನ ಸಹಕಾರ ಸಂಘವೊಂದರ ಗುಮಾಸ್ತ. ಮೂರು ವರ್ಷದಿಂದ ಹುಲಿಯೂರುದುರ್ಗದ ಶಾಖೆಯಲ್ಲಿದ್ದ. ಗುಬ್ಬಿಯಿಂದ ತುಮಕೂರಿಗೊಂದು ಬಸ್ಸು, ಅಲ್ಲಿಂದ ಕುಣಿಗಲ್ಲಿಗೊಂದು, ಕುಣಿಗಲ್ಲಿನಿಂದ ಮತ್ತೊಂದು. ಸಂಜೆ ಇದೇ ಲೆಕ್ಕ ಹಿಂದುಮುಂದಾಗಿ. ಮೂರೂ ಬಸ್ಸಿನ ಕಂಡಕ್ಟರುಗಳಿಗೆ ಅವನ ಮನೆಯ ಸುಖದುಃಖವೆಲ್ಲ ಗೊತ್ತಿತ್ತು; ಮನೆಯಲ್ಲಿ ಮಗಳು ಮಾನಸಾ ತಾನು ಎಚ್ಚರವಿದ್ದಾಗ ಅಪ್ಪನನ್ನು ನೋಡುತ್ತಿದ್ದದ್ದು ಭಾನುವಾರ ಮಾತ್ರ. ಈಗ ನಿಟ್ಟೂರಿನ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಬೈಕಿನಲ್ಲಿ ಹೊರಟರೆ ಕಾಫಿಯ ಬಿಸಿ ನಾಲಿಗೆಯಿಂದ ಆರುವುದರೊಳಗೆ ನಿಟ್ಟೂರು!

ಸಂಘದವರು ಈ ಸಲ ವರ್ಗಾವಣೆಯನ್ನು ವಿಡಿಯೊ ಕಾಲಿಗೆ ಹಾಕಿದ್ದರು. ಅಂದೇ ಸಂಜೆ ನಾಲ್ಕಕ್ಕೆ ಹೆಸರು ಕರೆದಾಗ ಮುಖ ತೋರಿಸಿ ಬೇಕಾದ ಊರು ಹೇಳಬೇಕು. ತಪ್ಪಿದರೆ ಜಾಗ ಮುಂದಿನವನಿಗೆ. ಮೋಹನ್‌ಕುಮಾರನ ಮನೆಯಲ್ಲಿದ್ದದ್ದೋ, ಟೆಲಿಫೋನ್ ತಂತಿಯಲ್ಲಿ ತೆವಳಿಕೊಂಡು ಬರುವ ಓಬೀರಾಯನ ಕಾಲದ ಇಂಟರ್ನೆಟ್. ಮೊಬೈಲ್ ಸಿಗ್ನಲ್ ಆ ಬೀದಿಯಲ್ಲಿ ಸಿಗುತ್ತಿದ್ದದ್ದು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಹಳೆಯದನ್ನು ನಂಬುವುದೋ, ಹೊಸದನ್ನು ಹಾಕಿಸುವುದೋ ಎಂದು ವಾರವೆಲ್ಲ ತೂಗಿ, ಕೊನೆಗೆ ಹೊಸದು ಎಂದು ತೀರ್ಮಾನಿಸಿದ್ದ.

"ಮಾವ, ಮನೆಗೆ ಫೈಬರ್ ಬೇಕಾಗಿತ್ತು."

"ಅದ್ಕೇನಂತೆ ಅಳಿಯಂದ್ರೆ! ನಮ್ಮೂರಲ್ಲಿ ಫೈಬರ್‌ಗೆ ಬರವಾ? ನಮ್ಮ ತಿಮ್ಮರಾಜು ಮಾಡೋದೇ ಆ ಬಿಸಿನೆಸ್ಸು. ಅರ್ಧ ರೇಟಿಗೆ ಕೊಡುಸ್ತೀನಿ. ಎಷ್ಟು ಬೇಕು?"

"ನೂರು ಸಾಕು ಮಾವ. ಇಲ್ಲಿ ಕಂಪ್ನಿಯೋನು ಇನ್ನೂರು ತಗೊಳ್ಳಿ ಅಂತಾನೆ."

"ಅವನಿಗೇನು, ಮಾರೋನು! ಆ ಮನೇಲಿ ನೂರಕ್ಕೇ ಜಾಗ ಸಾಲದು."

"ಮಧ್ಯ ಮಧ್ಯ ಕಟ್ ಆಗಲ್ಲ ತಾನೆ?"

"ತಿಮ್ಮರಾಜುದು ಕಟ್ಟಾಗದಾ? ಆನೆ ಕಟ್ಟಿ ಎಳುದ್ರೂ ಕಟ್ಟಾಗಲ್ಲ. ಮಳೇಲಿ ಮಾತ್ರ ನೆನೀಬಾರ್ದು. ಮೇಲೊಂದು ಟಾರ್ಪಾಲ್ ಹೊದುಸ್ಬುಡಿ."

ಕಂಬದ ಮೇಲಿನ ಡಬ್ಬಿಗೆ ಇರಬೇಕು ಎಂದುಕೊಂಡ ಮೋಹನ್‌ಕುಮಾರ್, "ನಾಲ್ಕು ಗಂಟೆ ಒಳಗೆ ಬೇಕು ಮಾವ" ಎಂದ.

"ಮೂರಕ್ಕೆಲ್ಲ ನಿಮ್ಮ ಬಾಗ್ಲಲ್ಲಿರ್ತದೆ ಹೋಗಿ."

ಹೊರಗೆ ಬಂದು ಕಂಪನಿಯವನಿಗೆ, "ಬೇಡ ಕಣಪ್ಪ, ನಮಗೆ ನಿಟ್ಟೂರಿಂದ ಬರ್ತಿದೆ" ಎಂದ. ಅವನು ಏಣಿಯನ್ನು ಹೆಗಲಿಗೇರಿಸಿ, ಗೊಣಗಿಕೊಂಡೇ ಹೋದ.

ಮಧ್ಯಾಹ್ನ ಮೂರೂಕಾಲಿಗೆ ಮೋಹನ್‌ಕುಮಾರ್ ಬಚ್ಚಲಲ್ಲಿ ಕೆನ್ನೆಗೆಲ್ಲ ನೊರೆ ಬಳಿದುಕೊಂಡು ನಿಂತಿದ್ದಾಗ ಹೊರಗೆ ಹಾರ್ನ್ ಕೇಳಿಸಿತು. "ಸಾರ್, ಫೈಬರ್ ತಂದಿದೀವಿ! ಎಲ್ಲಿ ಹಾಕನಾ?" ಎಂದು ಯಾರೋ ಕೂಗಿದರು. ಪ್ರಮೀಳಾ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು.

"ಎಲ್ಲಿ ಅನುಕೂಲವೋ ಅಲ್ಲಿ ಹಾಕ್ರಪ್ಪಾ, ನನ್ನ ಕೇಳ್ಬೇಡಿ! ಬೇಗ ಮುಗಿಸಿ!" ಎಂದು ಬಚ್ಚಲಿನಿಂದಲೇ ಕೂಗಿದ. ಇಷ್ಟು ಚುರುಕಾದ ಕೆಲಸಗಾರರು ಸಿಕ್ಕಿದರಲ್ಲ ಎಂದು ಅವನಿಗೆ ಖುಷಿಯೋ ಖುಷಿ. ನಿಧಾನವಾಗಿ ಕ್ಷೌರ ಮುಗಿಸಿ, ಇಸ್ತ್ರಿಯ ಅಂಗಿ ತೊಟ್ಟು, ಬಾಗಿಲು ತೆರೆದ.

ಬೀದಿ ಕಾಣಲಿಲ್ಲ. ಕಂಡದ್ದು ತೆಂಗಿನ ನಾರು. ಜಗುಲಿಯ ಮೇಲೆ ಒತ್ತಿ ಕಟ್ಟಿದ ನಾರಿನ ಬೇಲು, ಬೈಕಿನ ಮೇಲೆ ಬೇಲು, ಮಹಡಿಯ ಮೆಟ್ಟಿಲ ಮೇಲೆ ಕೆಳಗಿನಿಂದ ತುದಿಯವರೆಗೆ ಬೇಲು. ಲಾರಿಯ ಡ್ರೈವರ್ ರಂಗನಾಥ ಬೆವರು ಒರೆಸಿಕೊಳ್ಳುತ್ತಾ, "ನೂರೂ ಇಳಿಸಿದೀವಿ ಸಾರ್, ಎಣಿಸ್ಕೊಳಿ" ಎಂದ.

ಮೋಹನ್‌ಕುಮಾರ್ ಫೋನಿಗೆ ಓಡಿದ. "ಮಾವಾ! ಇದು ತೆಂಗಿನ ನಾರು!"

"ಮತ್ತಿನ್ನೇನು, ಕತ್ತಾಳೆ ನಾರು ಕೇಳಿದ್ರಾ?"

"ನಾನು ಕೇಳಿದ್ದು ಇಂಟರ್ನೆಟ್ ಫೈಬರ್! ನೂರು ಅಂದಿದ್ದು ಅದರ ಸ್ಪೀಡು!"

"ಅಯ್ಯೋ ಶಿವನೇ! ಸಂಬಳ ಸಾಲ್ದೆ ಹಗ್ಗದ ವ್ಯಾಪಾರಕ್ಕೆ ಇಳಿದ್ರಿ ಅಂದ್ಕಂಡು ನಾನು ನಿಮ್ಮತ್ತೆ ಹತ್ರ ಹೊಗಳ್ತಾ ಕೂತಿದೀನಿ!"

ಅಷ್ಟರಲ್ಲಿ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಎದುರುಮನೆಯ ಹನುಮಂತಮ್ಮ ಬೇಲಿನೊಳಗೆ ಕೈಹಾಕಿ ಒಂದು ಹಿಡಿ ನಾರು ಕಿತ್ತುಕೊಂಡರು. "ಪಾತ್ರೆ ಉಜ್ಜಕ್ಕೆ ಒಸಿ ತಗಂಡೆ ಕಣ್ ಮೋಹನಪ್ಪ. ನಿನಗೇನು ಕಮ್ಮಿ, ರಾಶಿ ಬಿದ್ದದೆ."

"ತಗೊಳ್ಳಿ ಹನುಮಂತಕ್ಕ, ಎಲ್ಲಾ ತಗೊಳ್ಳಿ! ಮೊದ್ಲು ಮೆಟ್ಟಿಲ ಮೇಲಿಂದು ತೆಗೀರಿ, ನಾನು ಮಹಡಿಗೆ ಹೋಗ್ಬೇಕು!"

"ಈ ವಯಸ್ಸಲ್ಲಿ ನನ್ನ ಕೈಲಿ ಬೇಲು ಹೊರುಸ್ತೀಯಾ?" ಎಂದು ಹನುಮಂತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. ರಂಗನಾಥನೂ ಅವನ ಕಡೆಯವರೂ ಟೀ ಕುಡಿಯಲು ಹೋಗಿಯಾಗಿತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಎರಡೇ ನಿಮಿಷ. ಮೋಹನ್‌ಕುಮಾರ್ ನಾರಿನ ಚೂರು ಮೆತ್ತಿದ ಅಂಗಿಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು, ಹಳೇ ಇಂಟರ್ನೆಟ್ಟಿಗೆ ಕೈಮುಗಿದ.

ಚಕ್ರ ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಕೊನೆಗೆ ಸಂಘದ ಕಾರ್ಯದರ್ಶಿ ಚನ್ನವೀರಯ್ಯನವರ ಅರ್ಧ ಮುಖ ಮೂಡಿತು.

"ಮೋಹನ್‌ಕುಮಾರ್... ಯಾವ ಊರು... ಹೇಳಿ."

ಬೆಳಗಿನಿಂದ ಬಾಯಿಪಾಠ ಮಾಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದ: "ಹುಲಿಯೂರುದುರ್ಗ ಬೇಡ ಸಾರ್, ನಿಟ್ಟೂರು ಕೊಡಿ!"

ಚನ್ನವೀರಯ್ಯನವರ ಹುಬ್ಬು ಮೇಲೇರಿ ಅಲ್ಲೇ ನಿಂತುಬಿಟ್ಟಿತು. ಚಿತ್ರ ಕದಲಲಿಲ್ಲ, ದನಿ ಮಾತ್ರ ತುಂಡು ತುಂಡಾಗಿ ಬಂತು. "...ಯೋಚ್ನೆ ಮಾಡಿ... ನಿಜವಾಗ್ಲೂ?"

"ನಿಜವಾಗ್ಲೂ ಸಾರ್! ಮನಸಾರೆ ಕೇಳ್ತಿದೀನಿ!" ಎಂದು ಕತ್ತು ಉಳುಕುವಷ್ಟು ತಲೆಯಾಡಿಸಿದ.

"...ಆಯ್ತು. ಕನ್ಫರ್ಮ್."

ಕಾಲ್ ಕಟ್ಟಾಯಿತು. ಮೋಹನ್‌ಕುಮಾರ್ ಕುರ್ಚಿಗೊರಗಿ "ಅಬ್ಬಾ, ಬದುಕಿದೆ!" ಎಂದ. ಅವನಿಗೆ ಅಳುವೇ ಬಂದಂತಾಯಿತು. ಆರು ಬಸ್ಸು, ಬೆಳಗಿನ ತಣ್ಣನೆ ಇಡ್ಲಿ, ಕುಣಿಗಲ್ ಸ್ಟ್ಯಾಂಡಿನಲ್ಲಿ ಕಾಯುವುದು, ಎಲ್ಲ ಮುಗಿಯಿತು. ಸುಮ್ಮನೆ ಹೊಸದು ಹೊಸದು ಎಂದು ಕುಣಿದೆನಲ್ಲ, ಕಷ್ಟಕಾಲಕ್ಕೆ ಕೈಹಿಡಿದದ್ದು ಹಳೆಯದೇ ಅಲ್ಲವೇ ಎಂದು ಅವನ ಮನಸ್ಸು ಕರಗಿತು.

ಅಂಗಡಿಯಿಂದ ಬಂದ ಪ್ರಮೀಳಾ ಬೇಲುಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿಕೊಂಡು ಒಳಗೆ ಬಂದಳು. "ರೀ, ಏನ್ರೀ ಇದು?" ಎಂದು ಶುರುಮಾಡಿದವಳು ಸುದ್ದಿ ಕೇಳಿ ನಾರನ್ನೂ ಮರೆತು, ಶ್ಯಾವಿಗೆ ಪಾಯಸಕ್ಕೆ ಇಟ್ಟಳು. ಮಾನಸಾ ಅಪ್ಪನ ಕೊರಳಿಗೆ ಜೋತುಬಿದ್ದಳು. ತಿಮ್ಮರಾಜು ಬೇಲುಗಳನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದಾನೆಂದು ಮಾವ ಹೇಳಿ ಕಳಿಸಿದರು. ಹನುಮಂತಮ್ಮ ಕಿತ್ತುಕೊಂಡದ್ದು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಇಷ್ಟು ಹಗುರವಾಗಿ ಮೋಹನ್‌ಕುಮಾರ್ ಮದುವೆಯ ದಿನವೂ ನಕ್ಕಿರಲಿಲ್ಲ.

ಪಾಯಸದ ಎರಡನೇ ಲೋಟ ಕೈಯಲ್ಲಿದ್ದಾಗ ಫೋನ್ ಬಡಿದುಕೊಂಡಿತು. ಮಾತಿಗಾದರೆ ಆ ತಂತಿ ಬಲು ಸ್ಪಷ್ಟ. ಚನ್ನವೀರಯ್ಯನವರು ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು.

"ಮೋಹನ್‌ಕುಮಾರ್, ಥ್ಯಾಂಕ್ಸ್ ಹೇಳೋಣ ಅಂತ ಮಾಡಿದೆ ಕಣ್ರೀ. ನಮ್ಮದೊಂದು ದೊಡ್ಡ ತಲೆನೋವು ಕಳೀತು."

"ನಂದೂ ಸಾರ್!" ಎಂದ ಮೋಹನ್‌ಕುಮಾರ್.

"ನಿಮ್ಮ ಮಾತು ಪೂರ್ತಿ ಬರ್ಲಿಲ್ಲ, ಮಧ್ಯೆ ಮಧ್ಯೆ ನುಂಗಿಹೋಯ್ತು. ಆದ್ರೆ 'ಹುಲಿಯೂರುದುರ್ಗ... ಕೊಡಿ' ಅಂದಿದ್ದು ಎಲ್ರಿಗೂ ಕೇಳಿಸ್ತು. ನನಗೇ ನಂಬಿಕೆ ಬರ್ದೆ ಇನ್ನೊಂದ್ಸಲ ಕೇಳ್ದೆ. ಮನಸಾರೆ ಅಂತ ತಲೆ ಬೇರೆ ಆಡಿಸಿದ್ರಲ್ಲ!"

ಲೋಟ ವಾಲಿ ಪಾಯಸ ಇಸ್ತ್ರಿಯ ಅಂಗಿಯ ಮೇಲೆ ಇಳಿಯತೊಡಗಿತು. "ಸಾರ್... ನಿಟ್ಟೂರು..." ಎಂದು ತೊದಲಿದ.

"ನಿಟ್ಟೂರಾ? ಲಿಸ್ಟಲ್ಲಿ ನಿಮ್ಮ ಹಿಂದೆ ಇದ್ದ ಲಕ್ಷ್ಮೀಕಾಂತ್, ನಾನು ಬಾಯಿಬಿಡೋದ್ರೊಳಗೆ ಹಾರಿಸ್ಕೊಂಡ. ಅದಿರ್ಲಿ, ಹುಲಿಯೂರುದುರ್ಗನ ಬಾಯಿಬಿಟ್ಟು ಕೇಳಿದೋರು ಸಂಘದಲ್ಲಿ ನೀವೇ ಮೊದ್ಲು. ಅದಕ್ಕೇ ಕಮಿಟಿಯವರು ಖುಷಿಯಾಗಿ, ನಿಮಗೆ ಮೂರಲ್ಲ, ಐದು ವರ್ಷಕ್ಕೇ ಆರ್ಡರ್ ಮಾಡ್ಬಿಟ್ಟಿದಾರೆ!"